ಗುಂಡಮ್ಮನ ಜಡೆ

ನಮ್ಮ ಭಾವನ ಕಟಿಂಗ್ ಅಂಗಡಿಯಲ್ಲಿ ಎರಡೇ ಕುರ್ಚಿ. ಒಂದು ಅವರದು, ಇನ್ನೊಂದು ಅವರ ಹೆಂಡತಿಯ ತಮ್ಮನಾದ ನನ್ನದು. ಭಾವನಿಗೆ ಎಡಗಡೆ ಹೆಚ್ಚು ಕತ್ತರಿಸಿ, ಬಲಗಡೆಯನ್ನು ಅದಕ್ಕೆ ಸರಿಮಾಡಲು ಹೋಗುವ ಚಾಳಿ. ಗಿರಾಕಿ ಕನ್ನಡಿ ನೋಡಿ ಹೌಹಾರಿದರೆ, "ಒಂದು ತಿಂಗಳಲ್ಲಿ ಬೆಳೆಯುತ್ತೆ ಬಿಡಿ ಸ್ವಾಮಿ" ಎಂದು ಕುತ್ತಿಗೆಗೆ ಪೌಡರು ಬಳಿದು ಕಳಿಸುತ್ತಿದ್ದರು. ಗಿರಾಕಿಗಳು ನಂಬಿದರೋ ಬಿಟ್ಟರೋ, ಮೂಲೆಯಲ್ಲಿ ಕೂತಿರುತ್ತಿದ್ದ ಭಾವನ ಮಗಳು ಪುಟ್ಟಿ ಮಾತ್ರ ನಂಬಿದಳು.

ಪುಟ್ಟಿಯ ಗೊಂಬೆಯ ಹೆಸರು ಗುಂಡಮ್ಮ. ಅವಳೇನು ಸಾಮಾನ್ಯಳೇ? ನಾಯಿ ಕಚ್ಚಿಕೊಂಡು ಓಡಿದರೂ ಬದುಕಿ ಬಂದಳು. ಚರಂಡಿಯಲ್ಲಿ ತೇಲಿ ಹಿಂದಿನ ಬೀದಿಯಲ್ಲಿ ಎದ್ದಳು. ಒಮ್ಮೆ ಬಸ್ಸಿನಲ್ಲೇ ಉಳಿದು, ಕೊನೇ ಸ್ಟಾಪಿನವರೆಗೂ ಟಿಕೆಟ್ಟಿಲ್ಲದೆ ಹೋಗಿ, ಕಂಡಕ್ಟರನ ತೊಡೆಯ ಮೇಲೆ ಕೂತು ವಾಪಸ್ಸಾದಳು. ಇಷ್ಟೆಲ್ಲ ಗೆದ್ದವಳು ಕೊನೆಗೆ ಸೋತದ್ದು ಭಾವನ ಕತ್ತರಿಗೆ.

"ಅಪ್ಪಾ, ಇವಳಿಗೂ ಕಟಿಂಗ್ ಮಾಡು" ಅಂದಳು ಪುಟ್ಟಿ. ಗಿರಾಕಿಗಳಿರಲಿಲ್ಲ, ಭಾವ ಶುರುಮಾಡಿದರು. ಎಡಗಡೆ ಹೆಚ್ಚಾಯಿತು, ಬಲಗಡೆ ಹೆಚ್ಚಾಯಿತು, ಜಡೆಯೂ ಹೋಗಿ ಗುಂಡಮ್ಮ ಬೋಳಾದಳು. ಪುಟ್ಟಿ ಅಳಲಿಲ್ಲ. "ಒಂದು ತಿಂಗಳಲ್ಲಿ ಬರುತ್ತೆ ಕಣೇ" ಎಂದು ಗೊಂಬೆಯನ್ನೇ ಸಮಾಧಾನ ಮಾಡಿದಳು. ಭಾವನ ಮುಖ ಇಂಗು ತಿಂದ ಮಂಗನಂತಾಯಿತು.

"ಬರಲ್ಲ ಅಂತ ಹೇಳಿಬಿಡಿ ಭಾವ" ಎಂದೆ.

"ಈ ಊರಲ್ಲಿ ನನ್ನ ಮಾತು ನಂಬೋಳು ಅವಳೊಬ್ಬಳೇ ಕಣೋ. ಅವಳನ್ನೂ ಕಳ್ಕೊಳ್ಳಲಾ?"

ಪುಟ್ಟಿ ಶಾಲೆಗೆ ಹೋದಾಗ ಭಾವ ನೆಲದ ಕೂದಲು ಆರಿಸಿ, ಗೋಂದು ಹಚ್ಚಿ ಗುಂಡಮ್ಮನ ತಲೆಗೆ ಅಂಟಿಸಿದರು. ಮೊದಲು ಮೊಳಕೆಯಷ್ಟು. ಆಮೇಲೆ ಅದನ್ನು ಕಿತ್ತು ಚೂರು ಉದ್ದದ್ದು. ಜೀವಮಾನವೆಲ್ಲ ಕೂದಲು ಕತ್ತರಿಸಿದ ಮನುಷ್ಯ ಬೆಳೆಸುವುದಕ್ಕೆ ನಿಂತರು! ಒಂದು ವಾರ ಬಂದವರೆಲ್ಲ ಮುದುಕರೇ. ಗುಂಡಮ್ಮನಿಗೂ ನರೆ ಬಂತು. "ಪಾಪ, ಅವಳಿಗೆ ಯೋಚನೆ ಜಾಸ್ತಿ" ಅಂದಳು ಪುಟ್ಟಿ.

ಆದರೆ ಜಡೆಯಷ್ಟು ಉದ್ದದ ಕೂದಲು ಗಂಡಸರ ತಲೆಯಲ್ಲಿ ಎಲ್ಲಿಂದ ಬರಬೇಕು? ಭಾವ ಅಂಗಡಿಯ ಹಿಂದಿನ ಮನೆಗೆ ಹೋಗಿ ಅಕ್ಕನನ್ನು ಬೇಡಿದರು. ಮದುವೆಯಾದಾಗಿನಿಂದ ಗಂಡನ ಕತ್ತರಿಯನ್ನು ಹತ್ತಿರಕ್ಕೆ ಬಿಟ್ಟವಳಲ್ಲ ಅವಳು.

"ನಿಮ್ಮ ಬಾಯಿ ಮಾಡಿದ ತಪ್ಪಿಗೆ ನನ್ನ ಜಡೆಗೆ ಶಿಕ್ಷೆನಾ?"

ಬೈಯುತ್ತಲೇ ಸ್ಟೂಲಿನ ಮೇಲೆ ಕೂತಳು. ಬೈಯುತ್ತಲೇ ಒಂದು ಗೇಣು ಕತ್ತರಿಸಲು ಬಿಟ್ಟಳು. ಅಕ್ಕನ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ. ಹೇಳಲಿಲ್ಲ, ಹೇಳಿದ್ದರೆ ನನಗೂ ಬೈಗುಳ ಬೀಳುತ್ತಿತ್ತು.

ಮರುದಿನ ಗುಂಡಮ್ಮನ ಸೊಂಟ ಮುಟ್ಟುವ ಜಡೆ ನೋಡಿ ಪುಟ್ಟಿ ಅಂಗಡಿಯೆಲ್ಲ ಕುಣಿದಳು. "ನಮ್ಮಪ್ಪ ಹೇಳಿದ್ರೆ ಬೆಳೆದೇ ಬೆಳೆಯುತ್ತೆ!" ಎಂದು ಕಾಯುತ್ತಿದ್ದವರಿಗೆಲ್ಲ ಸಾರಿದಳು. ಗಿರಾಕಿಯ ಎಡಗಡೆ ಮುಗಿಸಿದ್ದ ಭಾವ ಎದೆಯುಬ್ಬಿಸಿ ನಿಂತರು. ಕಣ್ಣಲ್ಲಿ ನೀರಿತ್ತು.

ಪುಟ್ಟಿ ಗುಂಡಮ್ಮನನ್ನು ನನ್ನ ಖಾಲಿ ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿದಳು.

"ಅಪ್ಪಾ, ಈ ಸಲ ಗಿಡ್ಡಕ್ಕೆ ಮಾಡು."

ಒಳಗಿಂದ ಅಕ್ಕ ದಡದಡ ಬಂದು, ಭಾವನ ಕೈಯಲ್ಲಿದ್ದ ಕತ್ತರಿ ಕಿತ್ತುಕೊಂಡು ಹೋದಳು. ಗಿರಾಕಿಯ ಬಲಗಡೆ ಇನ್ನೂ ಹಾಗೇ ಇತ್ತು.