ಸಂಖ್ಯೆ ಹುಡುಕುವ ಪೆಟ್ಟಿಗೆಗೆ ಚೆಂಡುಹೂವಿನ ಹಾರ

ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಆ ಕಂಪ್ಯೂಟರ್ ಹಗಲಿರುಳು ಗುಂಯ್‌ಗುಡುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ಎಲ್ಲೆಲ್ಲಿಯದೋ ಜನ ತಮ್ಮ ಕಂಪ್ಯೂಟರುಗಳ ಬಿಡುವಿನ ವೇಳೆ ಕೊಟ್ಟು ಭಾರೀ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುತ್ತಾರೆಂದು ಓದಿ ನಾನೂ ಸೇರಿಕೊಂಡಿದ್ದೆ. ನನ್ನ ಪಾಲಿಗೂ ಒಂದು ಸಂಖ್ಯೆ ಬಂದಿತ್ತು. ಬರೆದರೆ ಲಕ್ಷಗಟ್ಟಲೆ ಅಂಕಿ. ಒಂದನ್ನು ಬಿಟ್ಟು ಅದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಯೂ ಅದನ್ನು ಭಾಗಿಸದು ಎಂದು ಸಾಬೀತಾದರೆ ನಾವು ಗೆದ್ದಂತೆ. ಆ ಪರೀಕ್ಷೆಗೆ ತಿಂಗಳುಗಳೇ ಬೇಕು.

ಗದಗಿನಿಂದ ಬಂದು ನಮ್ಮೊಂದಿಗಿದ್ದ ಅತ್ತೆಗೆ ಮೊದಮೊದಲು ಇದು ಹುಚ್ಚಾಟ. ಯಾರೂ ಕೂರದ ಕೋಣೆಯಲ್ಲಿ ಫ್ಯಾನು ತಿರುಗಿದರೂ ಸಹಿಸದವರು. ಇದರಿಂದ ಏನು ಸಿಗುತ್ತದೆ ಎಂದು ಕೇಳಿದರು. ಮಠದ ದಾಸೋಹಕ್ಕೆ ಮನೆಮನೆಯಿಂದ ಮುಷ್ಟಿ ಅಕ್ಕಿ ಕೊಡುವುದಿಲ್ಲವೇ, ಹಾಗೆ ಎಂದೆ. ಅಲ್ಲಿಂದ ಅವರು ನನ್ನ ಪಕ್ಷ. ಗಂಡ ಗೊಣಗಿದರೆ ನನಗಿಂತ ಮೊದಲು ಅವರೇ ಜಗಳಕ್ಕೆ ನಿಲ್ಲುತ್ತಿದ್ದರು. ಪಕ್ಕದ ಮನೆಯವರ ಹತ್ತಿರವೂ ‘ನಮ್ಮ ಸಂಖ್ಯಾ’ ಎಂದೇ ಹೇಳಿಕೊಳ್ಳುತ್ತಿದ್ದರು. ನನಗೆ ಹಿಗ್ಗೋ ಹಿಗ್ಗು.

ಪರೀಕ್ಷೆ ಇನ್ನೇನು ಮುಗಿಯಬೇಕು, ಆಯುಧಪೂಜೆ ಬಂತು. ಅಂದು ದುಡಿಯುವ ಸಾಮಾನಿಗೆಲ್ಲ ರಜೆ. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲವೂ ಮಿಂದು ಕುಂಕುಮ ಹಚ್ಚಿಕೊಂಡು ಕುಳಿತಿದ್ದವು. ಕಂಪ್ಯೂಟರನ್ನೂ ನಿಲ್ಲಿಸು ಎಂದಾರೆಂದು ನಾನು ಸೆರಗು ಬಿಗಿದು ನಿಂತಿದ್ದೆ. ಅತ್ತೆ ಯೋಚಿಸಿ, ಎತ್ತಿನ ಪೂಜೆ ಮಾಡುವಾಗ ಅದರ ಉಸಿರು ನಿಲ್ಲಿಸುತ್ತೇವೆಯೇ ಎಂದು ತಾವೇ ತೀರ್ಪು ಕೊಟ್ಟರು. ಪೆಟ್ಟಿಗೆಗೆ ವಿಭೂತಿ ಬಳಿದು ಚೆಂಡುಹೂವಿನ ದಪ್ಪ ಹಾರ ಹಾಕಿದರು. ಮುಂದೆ ಬಟನ್ನು ಮುಚ್ಚಬಾರದೆಂದು ಹಿಂದಕ್ಕೆ ಇಳಿಬಿಟ್ಟರು, ಸರಿಯಾಗಿ ಬಿಸಿಗಾಳಿ ಹೋಗುವ ಕಿಂಡಿಯ ಮೇಲೆ.

ಹೋಳಿಗೆ ಊಟ ಮುಗಿಸಿ ಬಂದರೆ ಹಾಲಿನಲ್ಲಿ ಸದ್ದಿಲ್ಲ. ಪೆಟ್ಟಿಗೆ ಕಾದು ತಾನಾಗಿ ಆರಿಹೋಗಿತ್ತು. ಅತ್ತೆ ಅಲ್ಲೇ ಕುಸಿದು ಕೂತರು.

“ನಮ್ಮ ಸಂಖ್ಯಾ ನಾನ ಕೆಡಿಸಿದ್ನೇನವಾ?”

ಮಾಡಿದ ಲೆಕ್ಕವನ್ನು ಅದು ಆಗಾಗ ಉಳಿಸಿಕೊಳ್ಳುತ್ತದೆ ಎಂದು ಸಮಾಧಾನ ಹೇಳಿದೆ. ಆದರೆ ಉಳಿಸಿದ್ದು ಕೆಟ್ಟಿದ್ದರೆ ಎಲ್ಲ ಮೊದಲಿನಿಂದ. ಹಾರ ತೆಗೆದೆವು. ಬೇಡವೆಂದರೂ ಕೇಳದೆ ಅತ್ತೆ ಬೀಸಣಿಗೆಯಿಂದ ಪೆಟ್ಟಿಗೆಗೆ ಗಾಳಿ ಹಾಕಿದರು. ಬಟನ್ ಒತ್ತಿದೆ. ಬಿಟ್ಟ ಜಾಗದಿಂದಲೇ ಲೆಕ್ಕ ಮುಂದುವರಿಯಿತು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಮರುದಿನ ಫಲಿತಾಂಶ ಬಂತು. ಅವಿಭಾಜ್ಯ ಅಲ್ಲ. ಅತ್ತೆಯ ಕಣ್ಣು ತುಂಬಿತು. ಹಾರದ್ದೇ ತಪ್ಪು ಎಂದರು.

“ಇಲ್ಲ ಅತ್ತೆ, ನಾವು ಹುಟ್ಟೋಕ್ ಮುಂಚೆನೇ ಅದು ಹಾಗೇ ಇತ್ತು. ಇದು ಅವಿಭಾಜ್ಯ ಅಲ್ಲ ಅಂತ ಹೇಳೋಕೂ ಯಾರಾದ್ರೂ ಬೇಕಲ್ವಾ, ನಾವು ಹೇಳಿದ್ವಿ.”

ಅವರು ನನ್ನ ಮುಖವನ್ನೇ ನೋಡಿದರು. ಸುಳ್ಳಲ್ಲ ಎಂದು ಖಾತ್ರಿಯಾದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು.

“ಹಂಗಾದ್ರ ಯಾಕ ಸುಮ್ನ ಕುಂತಿ? ಇನ್ನೊಂದು ತರಸು. ಬರೋ ವರ್ಷ ಹಾರ ಮುಂದ ಹಾಕ್ತೀನಿ.”