ಬಣ್ಣದಲ್ಲಿ ಬರೆದ ನೆರಳು

ಶಹಾಪುರದ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲಾ ಶಿಕ್ಷಕಿ. ಕಳೆದ ವರ್ಷ ದಸರಾ ರಜೆಗೆ ಸುರಪುರದ ತವರಿಗೆ ಹೋದಾಗ, ಒಂದು ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಜರ್ಮನಿಯ ಹಳೆಯ ಮೂಕಿ ಚಿತ್ರವೊಂದನ್ನು ನೋಡುತ್ತ ಕುಳಿತಿದ್ದೆ. ಅದರಲ್ಲಿ ಗೋಡೆಗಳು ವಾಲಿದ್ದವು, ಕಿಟಕಿಗಳು ಒಡೆದ ಗಾಜಿನಂತೆ ಮೊನಚಾಗಿದ್ದವು. ನೆಲದ ಮೇಲಿನ ನೆರಳು ಕೂಡ ದೀಪದಿಂದ ಬಿದ್ದದ್ದಲ್ಲ, ಕುಂಚದಿಂದ ಬರೆದದ್ದು.

ಪಕ್ಕದಲ್ಲಿ ತೊಗರಿಬೇಳೆ ಆರಿಸುತ್ತಿದ್ದ ಅವ್ವ ಇಣುಕಿದಳು.

"ಮನಿ ಎಲ್ಲಾ ಯಾಕ ಹಿಂಗ ವಾಲ್ಯಾವ?"

"ಕಥಿಯೊಳಗಿನವ ಅಂಜ್ಯಾನ ಯವ್ವಾ. ಅಂಜಿದವಗ ಊರು ಹಂಗ ಕಾಣ್ತದ."

ಅವ್ವ ಮೊರ ಕೆಳಗಿಟ್ಟಳು. "ಖರೇ ಅದ. ನಿಮ್ಮಪ್ಪನ್ನ ಆಪರೇಷನ್‌ಗೆ ಒಳಗ ಒಯ್ದಾಗ, ದವಾಖಾನಿ ಗೋಡಿ ನನ್ನ ಮ್ಯಾಲೇ ಬೀಳಾಕತ್ತಂಗ ಆಗಿತ್ತು."

ಅಪ್ಪ ಗುಣವಾಗಿ ಮನೆಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಆ ಗೋಡೆಯ ಮಾತನ್ನು ಮಾತ್ರ ಅವ್ವ ಆಡಿದ್ದು ಅಂದೇ ಮೊದಲು.

ಯಾದಗಿರಿಯಲ್ಲಿ ನಮ್ಮ ಶಾಲೆಯ ಶಿಕ್ಷಕರು ಆಡಲಿದ್ದ ನಾಟಕಕ್ಕೆ ಪರದೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಸ್ಪತ್ರೆಯಲ್ಲಿ ಮಗನಿಗಾಗಿ ಕಾಯುವ ತಾಯಿಯ ಕಥೆ. ರಜೆ ಮುಗಿಸಿ ಬಂದವಳೇ ಕುಂಚ ಹಿಡಿದೆ. ಓಣಿಯಂತೆ ಕಿರಿದಾಗುತ್ತ ಹೋಗುವ ಪಡಸಾಲೆ, ಬಾಗಿದ ಬಾಗಿಲು ಬರೆದೆ. ನೆಲಕ್ಕೆ ಹಾಸುವ ಬಟ್ಟೆಯ ಮೇಲೆ ಉದ್ದನೆಯ ಕಪ್ಪು ನೆರಳುಗಳನ್ನು ಎಳೆದೆ.

ಮುಖ್ಯೋಪಾಧ್ಯಾಯರು ಬಂದು ನೋಡಿ ಕಂಗಾಲಾದರು. "ಮೇಡಂ, ಗೋಡಿ ಸೊಟ್ಟ ಬಂದಾವಲ್ರಿ! ಮಂದಿ ನಗ್ತಾರ."

"ಬೇಕಂತನೇ ಸೊಟ್ಟ ತಗದೀನ್ರಿ ಸರ್. ಇದು ಆ ತಾಯಿ ಕಣ್ಣಿಗೆ ಕಾಣೋ ದವಾಖಾನಿ."

ತಾಲೀಮಿನಲ್ಲಿ ನಿಜಕ್ಕೂ ಎಲ್ಲರೂ ನಕ್ಕರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅದೇ ದೃಶ್ಯವನ್ನು ಇನ್ನೊಮ್ಮೆ ಆಡಿಸಿದೆ. ಪರದೆಯಲ್ಲಿ ತಪ್ಪಿರಲಿಲ್ಲ. ತಾಯಿಯ ಪಾತ್ರ ಮಾಡುತ್ತಿದ್ದ ಗಣಿತ ಶಿಕ್ಷಕಿ ಪ್ರಾರ್ಥನೆಗೆ ನಿಂತವರಂತೆ ನೆಟ್ಟಗೆ ನಿಂತಿದ್ದರು. ಆ ಮೂಕಿ ಚಿತ್ರದಲ್ಲಾದರೆ ನಟನ ಮೈ ಕೂಡ ಗೋಡೆಯ ಗೆರೆಯೊಡನೆ ಬಾಗುತ್ತಿತ್ತು. ನಾನೇ ರಂಗದ ಮೇಲೆ ಹೋದೆ. ಭುಜವನ್ನು ಗೋಡೆಯ ಓರೆಗೆ ಹೊಂದಿಸಿ, ನೆರಳಿನ ಅಂಚು ಹಿಡಿದು ನಡೆದು ತೋರಿಸಿದೆ.

"ಮಾತು ಕಡಿಮಿ ಮಾಡ್ರಿ ಟೀಚರ್. ಬೆನ್ನು, ಕೈ ಮಾತಾಡ್ಲಿ."

ಅವರು ಹಾಗೆಯೇ ಮಾಡಿದರು. ಎರಡನೆಯ ಹೆಜ್ಜೆಗೇ ನಗು ನಿಂತಿತು.

ಯಾದಗಿರಿಯಲ್ಲಿ ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ತಾಯಿ ಬಾಗಿಲಿನತ್ತ ನಡೆದಷ್ಟೂ ಬಾಗಿಲು ಚಿಕ್ಕದಾಗುತ್ತ ಹೋದಂತೆ ಕಂಡಿತು. ಮಗ ಉಳಿದನೆಂಬ ಸುದ್ದಿ ಬಂದಾಗ ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು "ಉಳ್ದಾ ನೋಡವ್ವಾ!" ಎಂದು ಜೋರಾಗಿ ಅಂದೇಬಿಟ್ಟಳು.

ನಾಟಕ ಮುಗಿದ ಮೇಲೆ ಗಣಿತ ಶಿಕ್ಷಕಿ ರಂಗದಿಂದ ಸೀದಾ ನನ್ನ ಹತ್ತಿರ ಬಂದರು. "ಆ ಕರೀ ನೆರಳಿನ ಮ್ಯಾಲೆ ಕಾಲಿಟ್ಟ ಕೂಡ್ಲೇ ಖರೇನ ಅಂಜಿಕಿ ಬಂತ್ರಿ" ಎಂದರು.

ಮುಖ್ಯೋಪಾಧ್ಯಾಯರು ತಾವೇ ನಿಂತು ಪರದೆ ಸುತ್ತಿಸಿದರು. "ಮುಂದಿನ ಸಲ ನಗಿಸೋ ನಾಟಕ ಮಾಡೋಣ್ರಿ. ಅದಕ್ಕೂ ಇದನ್ನೇ ಕಟ್ಟಬಹುದಲ್ಲ?"

"ಆಗಂಗಿಲ್ರಿ ಸರ್," ಎಂದೆ. "ನಗೋರ ಮನಿ ಗೋಡಿ ಬ್ಯಾರೇನೇ ಇರ್ತಾವ. ಅವನ್ನೂ ನಾನೇ ಬರೀತೀನಿ."