ಪೊರ್ಬುಗಳು ಯಾರಿಗೂ ಹೇಳದ ಜಾಗ

ಗ್ರೆಗರಿ ಪೊರ್ಬುಗಳು ಗಾಳ ಎಸೆಯುವ ಮೊದಲು ಸಮುದ್ರವನ್ನು ನೋಡುತ್ತಿರಲಿಲ್ಲ, ಹಿಂದೆ ತಿರುಗಿ ರಸ್ತೆಯನ್ನು ನೋಡುತ್ತಿದ್ದರು. ಯಾರಾದರೂ ಕಾರು ನಿಲ್ಲಿಸಿದರೆ ಕೋಲು ಮಡಚಿ, ಗಾಳಿ ಸೇವನೆಗೆ ಬಂದವರ ಹಾಗೆ ನಿಂತುಬಿಡುತ್ತಿದ್ದರು. ಕುವೈತಿನಲ್ಲಿ ಅವರು ನಂಬಿದ ಮನುಷ್ಯ ಒಬ್ಬನಾದರೂ ಇದ್ದನೇ ಎಂದರೆ ನನಗೆ ಸಂಶಯ.

ಫರ್ವಾನಿಯಾದಲ್ಲಿ ನಮ್ಮದು ಎದುರುಬದುರು ಮನೆ. ಅವರು ಬಂಟ್ವಾಳದ ಕಡೆಯ ಕ್ರಿಶ್ಚಿಯನ್ನರು, ನಾನು ಪುತ್ತೂರಿನವನು. ಹಿರಿಯ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವ ಊರಿನ ರೂಢಿಯಂತೆ ನಾನು ಅವರನ್ನು ಪೊರ್ಬುಗಳೇ ಎನ್ನುತ್ತಿದ್ದೆ. ಬಾಗಿಲು ತಟ್ಟಿದರೆ ಒಳಗಿನಿಂದ "ಯಾರು?" ಎನ್ನುವರು. ಹೆಸರು ಹೇಳಿದರೆ "ಒಬ್ಬನೇಯಾ?" ಎನ್ನುವರು. ಮೀನು ಮಾರುಕಟ್ಟೆಯಲ್ಲಂತೂ ಕಿವಿರು ಬಿಡಿಸಿ, ಮೂಸಿ, ಕೊನೆಗೆ ಮಾರುವವನ ಮುಖವನ್ನೂ ಪರೀಕ್ಷಿಸಿ, "ಈ ಮೀನು ತಾಜಾ ಉಂಟು, ಆದರೆ ಇವನು ಯಾಕೆ ನಗುವುದು?" ಎಂದು ವಾಪಸ್ಸು ಬರುತ್ತಿದ್ದರು.

ಅವರ ಗಾಳವೂ ಬೇರೆ ತರಹದ್ದು. ಕಂಪನಿಯ ಹಳೆಯ ಸ್ಕಾಟ್ಲೆಂಡ್ ಇಂಜಿನಿಯರ್ ಊರಿಗೆ ಹೋಗುವಾಗ ತನ್ನ ಕೋಲು ಇವರಿಗೆ ಕೊಟ್ಟಿದ್ದ. ಅವನು ತನ್ನೂರಿನ ಸರೋವರದಲ್ಲಿ ಟ್ರೌಟ್ ಮೀನು ಹಿಡಿಯುತ್ತಿದ್ದದ್ದು ಅದರಲ್ಲೇ. ಹುಳ ಸಿಕ್ಕಿಸುವುದಿಲ್ಲ, ಗಾಳಕ್ಕೆ ಗರಿ ಕಟ್ಟಿ, ನೀರಿಗಿಳಿದ ನೊಣದಂತೆ ತೋರಿಸಿ ಮೀನನ್ನು ಮರುಳು ಮಾಡುವುದು. ಪೊರ್ಬುಗಳು ಕೋಳಿಗರಿಯನ್ನು ಹೆಂಡತಿ ಜೂಲಿಯಾನಾ ಬಾಯಿಯ ಹೊಲಿಗೆ ನೂಲಿನಲ್ಲಿ ಸುತ್ತಿ ಸುತ್ತಿ ಸೀಗಡಿಯಂತೆ ಮಾಡುತ್ತಿದ್ದರು.

ವಿಚಿತ್ರವೆಂದರೆ, ಚಳಿ ಇಳಿದು, ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸು ಕಾಲ ಶುರುವಾದಾಗ ಅವರು ಪ್ರತಿ ಶುಕ್ರವಾರ ಹೋಗುವುದು, ಖಾಲಿ ಕೈಯಲ್ಲಿ ಬರುವುದು. ಮಾಂಸ ಬಿಟ್ಟ ಮನೆಯಲ್ಲಿ ಮೀನಿಗೆ ಬಾಯಿಬಿಡುವ ಕಾಲ ಅದು. ಜೂಲಿಯಾನಾ ಬಾಯಿ ನನ್ನ ಹೆಂಡತಿಯ ಹತ್ತಿರ ದೂರುತ್ತಿದ್ದರು: "ಇವರು ಮೀನು ಹಿಡಿಯಲಿಕ್ಕೆ ಹೋಗುವುದಾ, ಅಲ್ಲ ಬೇರೆ ಎಂತ ಉಂಟಾ? ಕೈ ಮೂಸಿದರೆ ಮೀನಿನ ವಾಸನೆ ಬರ್ತದೆ, ಚೀಲ ನೋಡಿದರೆ ಒಂದು ಹುರುಪೆಯೂ ಇಲ್ಲ!" ಎಲ್ಲಿ ಹೋಗುತ್ತೀರಿ ಎಂದರೆ ಒಬ್ಬರಿಗೆ ಸಾಲ್ಮಿಯಾ, ಇನ್ನೊಬ್ಬರಿಗೆ ಫಹಾಹೀಲ್, ಮತ್ತೊಬ್ಬರಿಗೆ ಶುವೈಖ್, ಹೀಗೆ ದಡದ ಒಂದೊಂದು ಊರು ಹೇಳುವರು. ಮೀನು ಹೋಟೆಲಿಗೆ ಹೋಗುತ್ತದೆಂದು ನನಗೂ ಗುಮಾನಿಯಿತ್ತು.

ಒಮ್ಮೆ ಅವರ ಕಾರು ಕೆಟ್ಟಿತು. ಮನಸ್ಸಿಲ್ಲದ ಮನಸ್ಸಿನಿಂದ ನನ್ನ ಕಾರು ಹತ್ತಿದರು. ಯಾರೋ ಬೆನ್ನು ಹತ್ತಿದ್ದಾರೆಂದು ಒಂದೇ ವೃತ್ತವನ್ನು ತಲೆ ತಿರುಗುವಷ್ಟು ಸುತ್ತಿಸಿದರು. ಕೊನೆಗೆ ಇಳಿದದ್ದು ಒಂದು ಹಳೆಯ ದೋಣಿಕಟ್ಟೆಯ ಹಿಂದೆ, ಮೊಣಕಾಲುದ್ದದ ನೀರಿನಲ್ಲಿ. ಎಲ್ಲೆಂದು ಈಗಲೂ ನಾನು ಹೇಳುವುದಿಲ್ಲ.

ಇಲ್ಲಿನವರು ಶೇಮ್ ಎನ್ನುವ ಹಳದಿ ರೆಕ್ಕೆಯ ಮೀನುಗಳು ಮೊಟ್ಟೆಯಿಡಲು ಅಲ್ಲಿ ಕೂಡುತ್ತಿದ್ದವು. ಎಸೆದ ಸ್ವಲ್ಪ ಹೊತ್ತಿಗೇ ಒಂದು ಕಚ್ಚಿತು. ಪೊರ್ಬುಗಳು ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲೇ ಹಿಡಿದು ಹೊಟ್ಟೆ ಸವರಿದರು.

"ಬಸುರಿ," ಎಂದರು. ಗಾಳದ ತುದಿಯ ಹಿಮ್ಮುಳ್ಳನ್ನು ಅರದಿಂದ ಉಜ್ಜಿ ತೆಗೆದಿದ್ದರಿಂದ ಅದು ಸಲೀಸಾಗಿ ಕಳಚಿತು. ಮೀನನ್ನು ಬಿಟ್ಟರು. "ನಮ್ಮ ಸಾಹೇಬ ಹೇಳ್ತಿದ್ದ, ಟ್ರೌಟ್ ಮೊಟ್ಟೆ ಇಡುವ ಕಾಲದಲ್ಲಿ ಹಿಡಿದದ್ದನ್ನು ಮನೆಗೆ ತರಬಾರದು ಅಂತ. ನನ್ನ ಕೇಳಿದರೆ ಹಿಡಿಯಲೂಬಾರದು. ಆದರೆ ಎಂತ ಮಾಡುವುದು ಮಾರಾಯ, ಕೈ ಕೇಳುವುದಿಲ್ಲ." ಆಮೇಲೆ ನನ್ನನ್ನೇ ದಿಟ್ಟಿಸಿದರು. "ನಿನಗೆ ಬಾಯಲ್ಲಿ ನೀರು ಬಂತಲ್ಲ? ನಾನು ನೋಡಿದೆ."

ಬಂದಿತ್ತು, ಸುಳ್ಳು ಯಾಕೆ! ಮೊಟ್ಟೆ ತುಂಬಿದ ಮೀನಿನ ಫ್ರೈ ಎಂದರೆ ನಮ್ಮ ಕರಾವಳಿಯವರಿಗೆ ಪ್ರಾಣ. ಅದಕ್ಕೇ ಅವರು ಜಾಗವನ್ನು ಮುಚ್ಚಿಟ್ಟದ್ದೆಂದು ಅಂದು ಅರ್ಥವಾಯಿತು. "ಒಬ್ಬನಿಗೆ ಗೊತ್ತಾದರೆ ಬಲೆ ಬರ್ತದೆ. ಬಲೆ ಬಂದರೆ ಖಲಾಸ್," ಎಂದು ದಾರಿಯುದ್ದಕ್ಕೂ ನನ್ನಿಂದ ಆಣೆ ಹಾಕಿಸಿದರು.

ಮುಂದಿನ ತಪಸ್ಸು ಕಾಲದಲ್ಲಿ ಬಲೆ ಬಂತು. ಪೊರ್ಬುಗಳು ಹೋಗುವಷ್ಟರಲ್ಲಿ ನೀರಿನಲ್ಲಿ ಮೀನು ಬರಿದಾಗಿ, ದಡದಲ್ಲಿ ಸೀಳಿದ ಹೊಟ್ಟೆಗಳೂ ಚೆಲ್ಲಿದ ಮೊಟ್ಟೆಗಳೂ ಬಿದ್ದಿದ್ದವಂತೆ. ನೇರ ಬಂದು ನನ್ನ ಬಾಗಿಲು ತಟ್ಟಿದರು. "ಸಾಯ್ಬಾ, ದೇವರೇ! ನಿನ್ನೊಬ್ಬನಿಗೆ ತೋರಿಸಿದ್ದು ನಾನು. ನಿನ್ನೊಬ್ಬನಿಗೆ!" ನಾನು ದೇವರ ಮೇಲೆ, ಮಕ್ಕಳ ಮೇಲೆ ಆಣೆ ಮಾಡಿದೆ. ಕೇಳುವ ಆಸಾಮಿಯೇ? ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಇಳಿಯುವರು. ನನಗೂ ಸಿಟ್ಟು ನೆತ್ತಿಗೇರಿತ್ತು. ಮಾಡದ ತಪ್ಪಿಗೆ ಈ ಮುದುಕನ ಮುಂದೆ ಇನ್ನೆಷ್ಟು ಬಗ್ಗಲಿ?

ಅವರು ಕೆಲಸ ಬಿಟ್ಟು ಊರಿಗೆ ಹೊರಡುವ ಹಿಂದಿನ ದಿನ, ಒಂದು ಮಗುವಿನ ನಾಮಕರಣದ ಊಟಕ್ಕೆ ನಾನು ಹೋಗಿದ್ದೆ. ಅವರದೇ ಚರ್ಚಿನ ವಲೇರಿಯನ್ ಎಂಬವನು ಮೇಜು ಬಡಿದು ನಗುತ್ತಿದ್ದ. "ಪೊರ್ಬು ಒಬ್ಬೊಬ್ಬನಿಗೆ ಒಂದೊಂದು ಜಾಗ ಹೇಳಿದ್ದು! ನಾವು ಎಲ್ಲ ಒಟ್ಟು ಕೂತು ಲೆಕ್ಕ ಹಾಕಿದೆವು. ಇಡೀ ದಡದಲ್ಲಿ ಅವರು ಹೆಸರೇ ಎತ್ತದ ಜಾಗ ಒಂದೇ ಉಳಿದದ್ದು. ಹೋಗಿ ನೋಡಿದರೆ, ಅಬ್ಬ, ಏನು ಮೀನು ಮಾರ್ರೆ!"

ನಾನು ಅರ್ಧ ಊಟಕ್ಕೇ ಎದ್ದು ಬಂದೆ.

ಮರುದಿನ ಈ ಮಾತು ಮುಖಕ್ಕೆ ಹೇಳಿಯೇ ಬಿಡಬೇಕೆಂದು ವಿಮಾನ ನಿಲ್ದಾಣಕ್ಕೆ ಓಡಿದೆ. ಪೊರ್ಬುಗಳು ಪೆಟ್ಟಿಗೆಗಳನ್ನು ಕಾಲಿನಿಂದ ಒತ್ತಿ ಹಿಡಿದುಕೊಂಡು ನಿಂತಿದ್ದರು. ಬಹಳ ಸೊರಗಿದ್ದರು. ನನ್ನನ್ನು ಕಂಡವರೇ, ಇಷ್ಟು ದಿನ ಬಿಟ್ಟಿದ್ದ ಮಾತನ್ನು ಮತ್ತೆ ಆಡಿದರು.

"ಈಗಲಾದರೂ ಹೇಳು ಮಾರಾಯ. ನೀನೇ ಅಲ್ವಾ? ಆ ಮೀನುಗಳು ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಯಾರು ಅಂತ ತಿಳಿಯದೆ ನಾನು ಹೇಗೆ ಹೋಗುವುದು?"

ನಿಜ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ, ಆ ಬಸುರಿ ಮೀನುಗಳನ್ನೆಲ್ಲ ಅವರು ತಮ್ಮ ತಲೆಯ ಮೇಲೆ ಹೊತ್ತುಕೊಂಡು ವಿಮಾನ ಹತ್ತಬೇಕಿತ್ತು.

"ಹೌದು ಪೊರ್ಬುಗಳೇ," ಎಂದೆ. "ನಾನೇ."

ಅವರ ಮುಖ ಅರಳಿದ ಬಗೆ ನೋಡಬೇಕಿತ್ತು! "ಜೂಲಿ, ಕೇಳಿದೆಯಾ? ನಾನು ಹೇಳಲಿಲ್ಲವಾ? ಮೊದಲ ದಿನವೇ ನನಗೆ ಗೊತ್ತಿತ್ತು!" ಎಂದು ನನ್ನನ್ನು ಬಿಗಿಯಾಗಿ ತಬ್ಬಿಕೊಂಡರು. "ಒಪ್ಪಿಕೊಂಡೆಯಲ್ಲ, ಸಾಕು. ದೇವರು ಒಳ್ಳೆಯದು ಮಾಡಲಿ."

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡಾಗ ಜೂಲಿಯಾನಾ ಬಾಯಿಗೆ ಫೋನ್ ಮಾಡಿದ್ದೆ. ಅತ್ತು, ಮೂಗು ಒರೆಸಿಕೊಂಡು ಅವರೆಂದರು: "ಕೊನೆಯವರೆಗೂ ನಿಮ್ಮ ಸುದ್ದಿಯೇ. 'ಎಷ್ಟು ಒಳ್ಳೆಯ ಹುಡುಗ ಜೂಲಿ, ಆದರೆ ನಂಬಲಿಕ್ಕೆ ಮಾತ್ರ ಆಗುವುದಿಲ್ಲ' ಅಂತಿದ್ದರು."